ಸಮಿತಿಯ ಮುಂದೆ ಸೊಸೆಯ ಮೂರು ನಿಮಿಷ

ನನ್ನ ಸೊಸೆಗೆ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ. ನಾನೂ ಅಲ್ಲೇ ಇಪ್ಪತ್ತಾರು ವರ್ಷ ಸವೆದವಳು. ನಾನು ಒಗೆದ ಬೆಡ್‌ಶೀಟುಗಳನ್ನು ಸಾಲಾಗಿ ಹಾಸಿದರೆ ಚಂದ್ರನವರೆಗೆ ಹೋಗಿ, ಅಲ್ಲೊಂದು ಮಂಚಕ್ಕೂ ಹಾಸಿ, ವಾಪಸ್ ಬರಬಹುದು. ಅಲ್ಲಿನ ಯಂತ್ರಗಳ ಗದ್ದಲಕ್ಕೆ ಸತ್ತವರೂ ಎದ್ದು ಕಿವಿ ಮುಚ್ಚಿಕೊಳ್ಳಬೇಕು. ಹಾಗಾಗಿ ಅಲ್ಲಿ ಯಾರೂ ದನಿ ತೆಗೆಯುವುದಿಲ್ಲ. ಬರೀ ತುಟಿ ಆಡಿಸುತ್ತೇವೆ, ಎದುರಿನವರು ನೋಡಿ ತಿಳಿದುಕೊಳ್ಳುತ್ತಾರೆ. ಮೇಲ್ವಿಚಾರಕ ಪಕ್ಕದಲ್ಲೇ ನಿಂತಿದ್ದರೂ ಅವನನ್ನು ಮನಸಾರೆ ಬೈಯಬಹುದು.

ಹಗಲು ಲಾಂಡ್ರಿ, ಸಂಜೆ ಹೋಟೆಲಿನಲ್ಲಿ ಪಾತ್ರೆ ತೊಳೆಯುವುದು, ಇದು ಸೊಸೆಯ ದಿನಚರಿ. ಕಾವಲು ಕಾಯುವ ನನ್ನ ಮಗನದೂ ಅದೇ ಕನಿಷ್ಠ ಕೂಲಿ, ಸಾಲುವುದಿಲ್ಲ. ಅವಳು ಮನೆ ಸೇರುವಷ್ಟರಲ್ಲಿ ಆರು ವರ್ಷದ ಮೊಮ್ಮಗಳು ಮಲಗಿರುತ್ತಾಳೆ.

ಆ ವರ್ಷ ಕನಿಷ್ಠ ಕೂಲಿ ಏರಿಸುವ ಮಸೂದೆ ಬಂತು. ಮೊದಲು ಹನ್ನೊಂದು ಮಂದಿ ಶಾಸಕರ ಸಮಿತಿ ಒಪ್ಪಬೇಕು. ಇಲ್ಲದಿದ್ದರೆ ಅದರ ಕಥೆ ಅಲ್ಲಿಗೇ ಮುಗಿಯಿತು. ಕೆಲಸಗಾರರ ಪರವಾಗಿ ಮೂರು ನಿಮಿಷ ಮಾತಾಡಲು ನಮ್ಮ ಕಾರ್ಮಿಕ ಸಂಘದವರು ಸೊಸೆಯನ್ನು ಆರಿಸಿದರು.

"ಕೂಲಿ ಏರಿದ್ರೆ ಸಂಜೆ ಕೆಲಸ ಬಿಟ್ಬಿಡ್ತೀನಿ ಅತ್ತೆ," ಎಂದಳು ಬಸ್ಸಿನಲ್ಲಿ. "ನೀವು ಮಾತ್ರ ಅಲ್ಲಿ ಬಾಯಿ ಹಾಕ್ಬೇಡಿ. ನಿಮ್ಮ ಬಾಯಲ್ಲಿ ಇಲಿ ಆನೆಯಾಗುತ್ತೆ."

"ಇಲಿ ಅಂತೂ ಇರುತ್ತಲ್ಲೇ," ಎಂದೆ.

ಸಮಿತಿಯ ಕೋಣೆಯಲ್ಲಿ ಕಾಲು ಹೂತುಹೋಗುವಂಥ ರತ್ನಗಂಬಳಿ. ಇರುವೆ ಕೆಮ್ಮಿದರೂ ಕೇಳಿಸುವಷ್ಟು ನಿಶ್ಶಬ್ದ. ಸೊಸೆ ಮೈಕಿನ ಮುಂದೆ ನಿಂತು ಶುರುಮಾಡಿದಳು. ತುಟಿ ಆಡುತ್ತಿದೆ, ದನಿಯೇ ಇಲ್ಲ. ಹೆದರಿಕೆಯಲ್ಲಿ ಲಾಂಡ್ರಿಯ ಅಭ್ಯಾಸವೇ ಮೇಲೆದ್ದಿತ್ತು. ಪಾಪ, ಅವಳಿಗೆ ಅದು ಗೊತ್ತೂ ಇಲ್ಲ.

ಅಧ್ಯಕ್ಷೆ ಮುಂದಕ್ಕೆ ಬಾಗಿದರು. "ಏನೂ ಕೇಳಿಸ್ತಿಲ್ಲಮ್ಮ."

ಸೊಸೆ ಇನ್ನಷ್ಟು ಬೆದರಿ ಇನ್ನಷ್ಟು ತುಟಿ ಅಗಲಿಸಿದಳು. ಕನ್ನಡಕದ ಶಾಸಕರೊಬ್ಬರು ಗಡಿಯಾರ ನೋಡಿದರು. ನನ್ನಿಂದ ತಡೆಯಲಾಗಲಿಲ್ಲ.

"ಅವಳು ಹೇಳ್ತಾನೇ ಇದ್ದಾಳೆ ತಾಯಿ. ನಮ್ಮ ಲಾಂಡ್ರಿಯವರಿಗೆ ಹೀಗೇ ಅಭ್ಯಾಸ. ನಾನು ಹೇಳ್ಲಾ?"

"ಹೇಳಿ," ಎಂದರು ಅಧ್ಯಕ್ಷೆ.

ಸಮಿತಿಗೆ ಬೆನ್ನು ಮಾಡಿ ಸೊಸೆಯ ಮುಖ ನೋಡುತ್ತ ನಿಂತೆ. "ದಿನಕ್ಕೆ ಆರು ಸಾವಿರ ಬೆಡ್‌ಶೀಟು ಮಡಿಸ್ತಾಳಂತೆ."

ಸೊಸೆಯ ಹುಬ್ಬು ಗಂಟಾಯಿತು. "ಅತ್ತೆ, ಆರುನೂರು."

ಅದು ಮೈಕಿನಲ್ಲಿ ಮೊಳಗಿತು. ಎಲ್ಲರೂ ತಲೆ ಎತ್ತಿದರು. ನನಗೆ ದಾರಿ ಸಿಕ್ಕಿತು.

"ಮಗಳನ್ನ ವರ್ಷಕ್ಕೊಂದ್ಸಲ ನೋಡ್ತಾಳಂತೆ."

"ಸುಮ್ನಿರಿ ಅತ್ತೆ, ದಿನಾ ನೋಡ್ತೀನಿ," ಎಂದಳು ಸಿಟ್ಟಿನಿಂದ. ಆಮೇಲೆ ನನ್ನನ್ನು ಪಕ್ಕಕ್ಕೆ ಸರಿಸಿ ಸಮಿತಿಯ ಕಡೆ ತಿರುಗಿದಳು. "ಬೆಳಿಗ್ಗೆ ಜಡೆ ಹಾಕುವಾಗ ನೋಡ್ತೀನಿ. ಆಗ ಅವಳ ಬೆನ್ನು ನನ್ನ ಕಡೆ ಇರುತ್ತೆ. ಶಾಲೆಯಲ್ಲಿ ಏನಾಯ್ತು ಅಂತ ಕೇಳೋಷ್ಟರಲ್ಲಿ ನನ್ನ ಬಸ್ಸು ಬರುತ್ತೆ. ಎರಡು ಕೆಲಸ ಮಾಡೋಕೆ ನನಗೆ ಸೋಮಾರಿತನ ಇಲ್ಲ. ಆದ್ರೆ ಒಂದು ಕೆಲಸ ಪೂರ್ತಿ ಮಾಡಿದವರಿಗೆ ಅದೊಂದರಲ್ಲೇ ಮನೆ ನಡೀಬೇಕು, ಅಷ್ಟೇ ಕೇಳ್ತಿರೋದು."

ಉಳಿದದ್ದನ್ನೂ ಅವಳೇ ಹೇಳಿದಳು. ಮೂರು ನಿಮಿಷ ಐದಾಯಿತು, ಯಾರೂ ತಡೆಯಲಿಲ್ಲ.

ಮಧ್ಯಾಹ್ನ ಕೈ ಎತ್ತಿಸಿದರು. ಪರ ಐದು, ವಿರುದ್ಧ ಐದು. ಕನ್ನಡಕದವರು ಪೆನ್ನು ಕೆಳಗಿಟ್ಟು, ಒಮ್ಮೆ ಸೊಸೆಯನ್ನು ನೋಡಿ, ಮಸೂದೆಯ ಪರ ಕೈ ಎತ್ತಿದರು.

"ಮುಂದಿನ ತಿಂಗಳು ಇಡೀ ಸಭೆಯ ಮುಂದೆ ಬರುತ್ತೆ. ಅಲ್ಲಿ ನೂರಿಪ್ಪತ್ತು ಜನ," ಎಂದರು ಸಂಘದವರು ಮೆಟ್ಟಿಲ ಬಳಿ.

"ಅವರ ವಿಳಾಸ ಕೊಡಿ," ಎಂದಳು ಸೊಸೆ. ಪಟ್ಟಿ ಮಡಿಸಿ ಚೀಲಕ್ಕೆ ಹಾಕಿಕೊಂಡು ಪಾತ್ರೆ ತೊಳೆಯಲು ಹೊರಟಳು.

ಭಾನುವಾರ ಮೊಮ್ಮಗಳನ್ನೂ ಕರೆದುಕೊಂಡು ಮೂವರೂ ಮೊದಲನೆಯ ವಿಳಾಸಕ್ಕೆ ಹೋದೆವು. ದಾರಿಯುದ್ದಕ್ಕೂ ಮೊಮ್ಮಗಳು ಅವಳಮ್ಮನಿಗೆ ಶಾಲೆಯ ಕಥೆ ಹೇಳುತ್ತಲೇ ಇದ್ದಳು. ಗೇಟಿನ ಹತ್ತಿರ ಸೊಸೆ, "ಒಂದು ನಿಮಿಷ ಇರು ಪುಟ್ಟಿ, ಇವರ ಹತ್ರ ಮಾತಾಡಿ ಬರ್ತೀನಿ, ಆಮೇಲೆ ಅಲ್ಲಿಂದಲೇ ಶುರು ಮಾಡು," ಎಂದು ಕರೆಗಂಟೆ ಒತ್ತಿದಳು.