ಮೂರಿಂಚು ಮೇಲೆದ್ದ ಜೀಪು

ಮಾಲತೇಶನ ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲೇ, ಆದರೆ ಈ ಸಲ ಅದಕ್ಕೊಂದು ಕಾರಣವೂ ಇತ್ತು. ಮನೆಯಿಂದ ಉಳವಿ ರಸ್ತೆಗೆ ಸೇರುವ ಮಣ್ಣುದಾರಿಯನ್ನು ಟ್ರ್ಯಾಕ್ಟರುಗಳು ಎರಡೂ ಬದಿ ಕೊರೆದು ನಡುವೆ ದಿಬ್ಬ ಬಿಟ್ಟಿದ್ದವು. ಡಯಾಲಿಸಿಸ್ ಯಂತ್ರದಲ್ಲಿ ರಕ್ತ ಶುದ್ಧಿ ಮಾಡಿಸಲು ತಾಯಿ ಈಶ್ವರಮ್ಮನನ್ನು ವಾರಕ್ಕೆರಡು ಸಲ ಸೊರಬದ ಆಸ್ಪತ್ರೆಗೆ ಒಯ್ಯಬೇಕು. ಪ್ರತಿ ಸಲವೂ ಜೀಪಿನ ಹೊಟ್ಟೆ ದಿಬ್ಬಕ್ಕೆ ಉಜ್ಜುತ್ತಿತ್ತು. ಹೋದ ವಾರ ಸೈಲೆನ್ಸರೇ ಕಳಚಿ ಬಿತ್ತು. ಪಂಚಾಯ್ತಿ ಮೆಂಬರ್ ತೋಟಪ್ಪನಿಗೆ ಮೂರು ಅರ್ಜಿ ಕೊಟ್ಟಾಗಿತ್ತು. 'ನೋಡೋಣ' ಎನ್ನುವುದರಲ್ಲಿ ಆತ ಗಟ್ಟಿಗ.

"ಹಾಳಾಗಿ ಹೋಗ್ಲಿ ರಸ್ತೆ. ಜೀಪನ್ನೇ ಎತ್ತರ ಮಾಡ್ತೀನಿ" ಎಂದು ಮಾಲತೇಶ ಆನ್‌ಲೈನಿನಲ್ಲಿ ಲಿಫ್ಟ್ ಕಿಟ್ ತರಿಸಿದ.

"ಗ್ಯಾರೇಜಿನವ್ರಿಗೆ ಕೊಡ್ರಿ" ಎಂದಳು ಹೆಂಡತಿ ನಾಗವೇಣಿ.

"ಅವ್ರು ನಾಲ್ಕು ದಿನ ಇಟ್ಕಂತಾರೆ. ನಾಳೆ ಅವ್ವನ್ನ ನೀನು ಹೊತ್ಕಂಡು ಹೋಗ್ತೀಯಾ?"

ಅಂಗಳದ ಮಣ್ಣಿನಲ್ಲಿ ಜಾಕ್ ಹೂತುಹೋಗುತ್ತಿತ್ತು. ಬಚ್ಚಲ ಹಿಂದಿನ ಬಟ್ಟೆ ಒಗೆಯುವ ಕಲ್ಲನ್ನೇ ಕಿತ್ತು ತಂದು ಅಡಿಗಿಟ್ಟ. ತುಕ್ಕು ಹಿಡಿದ ಬೋಲ್ಟುಗಳು ಜಗ್ಗಲಿಲ್ಲ. ಡೀಸೆಲ್ ಹೊಯ್ದ, ತೋಟಪ್ಪನ ವಂಶವನ್ನೆಲ್ಲ ಬೈದ, ಪಾನಾಕ್ಕೆ ಪೈಪು ಸಿಕ್ಕಿಸಿ ಅದರ ಮೇಲೇ ಹತ್ತಿ ನಿಂತ. ಸಂಜೆಯೊಳಗೆ ಗಾಲಿಯ ಅಚ್ಚಿಗೂ ಕಮಾನು ಪಟ್ಟಿಗೂ ನಡುವೆ ಮೂರಿಂಚಿನ ಕಬ್ಬಿಣದ ತುಂಡುಗಳು ಕೂತವು. ಜೀಪಿನ ಹೊಟ್ಟೆ ನೆಲದಿಂದ ಎಷ್ಟು ಮೇಲಿದೆಯೆಂದು ಟೇಪು ಹಿಡಿದು ಮೂರು ಸಲ ಅಳೆದ. ಅವ್ವನ ಕಾಲು ಎಷ್ಟು ಮೇಲೇಳುತ್ತದೆಂದು ಅಳೆಯಲಿಲ್ಲ.

ಮರುದಿನ ಬೆಳಿಗ್ಗೆ ಈಶ್ವರಮ್ಮ ಹಿಡಿಕೆ ಹಿಡಿದು ಎರಡು ಸಲ ಕಾಲೆತ್ತಿದಳು. ಮಂಡಿ ಬಗ್ಗಲಿಲ್ಲ.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ದಂಗಾತು. ಕೆಟ್ಟಿದ್ದು ರಸ್ತೆ, ನೀ ಎತ್ತಿದ್ದು ಜೀಪು" ಎಂದಳು.

"ಬಾ, ನಾನೇ ಎತ್ತಿ ಕೂರಿಸ್ತೀನಿ."

ಅವಳು ಮಗನ ಕೈ ತಳ್ಳಿದಳು. "ಮುಟ್ಬ್ಯಾಡ. ನನ್ನ ಎತ್ತೋದು ಒಂದೇ ಸಲ. ಅವತ್ತು ನಾ ಬ್ಯಾಡ ಅನ್ನಲ್ಲ."

ನಾಗವೇಣಿ ಒಗೆಯುವ ಕಲ್ಲನ್ನು ಉರುಳಿಸಿ ತಂದು ಬಾಗಿಲ ಕೆಳಗಿಟ್ಟಳು. ಈಶ್ವರಮ್ಮ ಅದರ ಮೇಲೆ ಕಾಲಿಟ್ಟು ಜೀಪು ಹತ್ತಿ, ಸೆರಗು ಸರಿಮಾಡಿಕೊಂಡು ಠೀವಿಯಿಂದ ಕೂತಳು. ಆಸ್ಪತ್ರೆಯಲ್ಲಿ ಇಳಿಯಲು ಬೇಕೆಂದು ಮಾಲತೇಶ ಕಲ್ಲನ್ನು ಹಿಂದೆ ಹಾಕಿಕೊಂಡ.

ಜೀಪು ಎಲ್ಲೂ ಉಜ್ಜದೆ ದಿಬ್ಬ ದಾಟಿತು. ದಾಟಿದ ಕೂಡಲೇ ಎದುರಿಗೆ ತೋಟಪ್ಪನ ಬೈಕು.

"ಏನೋ, ಜೀಪು ಭಾಳ ಎತ್ತರ ಆಗೈತಲ್ಲ" ಎಂದು ತೋಟಪ್ಪ ನಕ್ಕ. "ಭೇಷ್. ಹಂಗಾದ್ರೆ ಇನ್ನು ನಿಂಗೆ ರಸ್ತೆ ಅರ್ಜೆಂಟಿಲ್ಲ ಬಿಡು."

ಮಾಲತೇಶನ ಮೈಯೆಲ್ಲ ಉರಿದುಹೋಯಿತು. ಇಳಿದು ಜೀಪಿನ ಹಿಂದಕ್ಕೆ ಹೋಗಿ, ಕೈಗೆ ಸಿಕ್ಕಿದ ಒಗೆಯುವ ಕಲ್ಲನ್ನು ಎತ್ತಿ ತಂದು ಬೈಕಿನ ಮುಂದಿನ ಗಾಲಿಗೆ ಅಡ್ಡವಾಗಿ ದೊಪ್ಪೆಂದು ಹಾಕಿದ. "ಇದ್ನ ದಾಟಿ ಹೋಗಿ ತೋರ್ಸು. ಅರ್ಜೆಂಟು ಯಾರಿಗೆ ಅಂತ ಗೊತ್ತಾಗ್ತತಿ."

"ಮಾಲತೇಶ, ಕಲ್ಲು" ಎಂದಳು ಈಶ್ವರಮ್ಮ ಒಳಗಿನಿಂದ.

"ಬಿಡವ್ವ, ಬುದ್ಧಿ ಬರ್ಲಿ ಅವನಿಗೆ" ಎಂದು ಅವನು ಜೀಪು ಹತ್ತಿ ಹೊರಟೇಬಿಟ್ಟ.

ಸೊರಬ ಮುಟ್ಟುವವರೆಗೂ ಅವನ ಎದೆ ಉಬ್ಬಿಕೊಂಡೇ ಇತ್ತು. ಆಸ್ಪತ್ರೆ ಬಾಗಿಲಲ್ಲಿ ಇಳಿದು, ಜೀಪಿನ ಹಿಂದೆ ಕೈ ಹಾಕಿದಾಗಲೇ ಕಲ್ಲು ನೆನಪಾದದ್ದು. ಒಳಗೆ ನರ್ಸು ಆಗಲೇ ಈಶ್ವರಮ್ಮನ ಹೆಸರನ್ನು ಎರಡನೇ ಸಲ ಕೂಗುತ್ತಿದ್ದಳು. ಹೋಗದಿದ್ದರೆ ಮಷೀನು ಮುಂದಿನವರಿಗೆ.

"ತಡಿಯವ್ವ, ಎಲ್ಲಾದ್ರೂ ಸ್ಟೂಲು ನೋಡ್ತೀನಿ."

ಅವಳು ನೆಲ ನೋಡಿದಳು, ಮಗನನ್ನು ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು.

"ಹೊತ್ತಾತು" ಎಂದು ಎರಡೂ ತೋಳು ಚಾಚಿದಳು. "ಎತ್ಕ."