ಚಿಕ್ಕಬೋರಯ್ಯನ ಜೇಬಿನಲ್ಲಿದ್ದ ಬೀಗದ ಕೈ

"ಕೊಲೆಗೇ ಮೂರು ಪುಟ ಆಯ್ತಲ್ಲೇ, ಕಥೆ ಎಲ್ಲಿ?" ಎಂದಳು ಅಮೃತ ಫೋನಿನಲ್ಲಿ. "ಎರಡನೇ ಏಟಿಗೇ ಕೇಳುಗರು ನಿಲ್ಲಿಸಿ ಹೋಗ್ತಾರೆ. ರಕ್ತ ಬೇಡ ಅಂತಿಲ್ಲ. ಸತ್ತವನು ಯಾರು, ಅವನಿಗೆ ಏನು ಬೇಕಿತ್ತು ಅಂತ ಗೊತ್ತಿಲ್ಲದೆ ಯಾಕೆ ಹೆದರ್ಬೇಕು?"

ಬರೆದವಳು ನಾಗಶ್ರೀ. ಮಂಡ್ಯದ ಆಸ್ಪತ್ರೆಯೊಂದರಲ್ಲಿ ಶವಪರೀಕ್ಷೆಯ ವರದಿ ಟೈಪ್ ಮಾಡುವುದು ಅವಳ ಕೆಲಸ. ಒಂಬತ್ತು ವರ್ಷವಾಗಿತ್ತು. ಗಾಯದ ಉದ್ದ, ಅಗಲ, ಆಳ ಎಲ್ಲ ಬೆರಳಿಗೆ ಬಾಯಿಪಾಠ. ಊಟದ ಡಬ್ಬಿ ಪಕ್ಕದಲ್ಲಿಟ್ಟುಕೊಂಡೇ ಬಡಿಯುತ್ತಿದ್ದಳು. ಅಮೃತಳ ಆಡಿಯೋ ಆ್ಯಪಿಗೆ ದೆವ್ವದ ಧಾರಾವಾಹಿ ಬರೆಯುವಾಗಲೂ ಅದೇ ಕೈ, ಅದೇ ಅಳತೆ. ಏಳನೇ ಕಂತಿನಲ್ಲಿ ಸತ್ತವನಿಗೆ ಹೆಸರಿಡುವುದನ್ನೇ ಮರೆತಿದ್ದಳು.

ಫೋನಿಡುವಷ್ಟರಲ್ಲಿ ಆಸ್ಪತ್ರೆಯ ಆ ಕೋಣೆಯ ಬಾಗಿಲಲ್ಲಿ ಕೆರಗೋಡು ಹಳ್ಳಿಯ ಸೋಮಮ್ಮ ನಿಂತಿದ್ದಳು. ಶಿವಪುರದ ಹತ್ತಿರ ಲಾರಿ ಹೊಡೆದು ಅವಳ ಗಂಡ ಚಿಕ್ಕಬೋರಯ್ಯ ಸತ್ತು ತಿಂಗಳಾಗಿತ್ತು. ವರದಿಯ ಪ್ರತಿಗೆ ಬಂದಿದ್ದಳು.

"ಓದ್ಬುಡವ್ವ, ನಂಗೆ ಅಕ್ಸರ ಬರಾಕಿಲ್ಲ."

ನಾಗಶ್ರೀ ಓದಿದಳು. ತಲೆಬುರುಡೆ, ಎಡಪಕ್ಕೆಯ ನಾಲ್ಕು ಮೂಳೆ. ಸೋಮಮ್ಮ ಕೈ ಅಡ್ಡ ಹಿಡಿದಳು.

"ಅದ್ ಬುಡು, ಆ ಗಾಯ ನಾನೇ ತೊಳ್ದಿವ್ನಿ. ಜೋಬ್ನಲ್ ಇದ್ದುದ್ ಓದು."

"ಮದ್ದೂರಿನ ಬಸ್ ಟಿಕೆಟ್ ಒಂದು. ಬೀಗದ ಕೈ ಒಂದು."

"ಯಾರ್ ಮನೇದು ಅಂತ ಬರ್ದಿಲ್ವಾ?" ಸೋಮಮ್ಮ ಸೆರಗಿನ ಗಂಟು ಬಿಚ್ಚಿ ಹಿತ್ತಾಳೆಯ ಬೀಗದ ಕೈಯನ್ನು ಮೇಜಿನ ಮೇಲಿಟ್ಟಳು. "ನಮ್ಮನೇಗ್ ಬೀಗ್ವೇ ಇಲ್ಲ ಕಣವ್ವ. ಮದ್ದೂರ್ನಲ್ಲಿ ನಮ್ಗ್ಯಾರೂ ಇಲ್ಲ. ಮಳವಳ್ಳಿಗೆ ಕೂಲಿಗ್ ಓಯ್ತೀನಿ ಅಂದಿದ್ದ."

"ಅದೆಲ್ಲ ಇದರಲ್ಲಿ ಬರೆಯಲ್ಲಮ್ಮ," ಎಂದಳು ನಾಗಶ್ರೀ.

ಅಂದು ಸಂಜೆ ಕೊಲೆಯ ಮೂರು ಪುಟವನ್ನು ಒಂದು ಸಾಲಿಗೆ ಇಳಿಸಿದಳು. ಉಳಿದ ಜಾಗದಲ್ಲೆಲ್ಲ ಸತ್ತವನ ಹೆಂಡತಿ ಒಂದು ಬೀಗದ ಕೈ ನೋಡುತ್ತಾ ಕೂತಳು. "ಈಗ ನಂಗೇ ಮೈ ಜುಂ ಅಂತು," ಎಂದಳು ಅಮೃತ. "ಬೀಗ ಯಾರದು?" ನಾಗಶ್ರೀಗೂ ಗೊತ್ತಿರಲಿಲ್ಲ. ಕಂತು ಆ್ಯಪಿನಲ್ಲಿ ಬಂತು; ಅದುವರೆಗೆ ಯಾವ ಕಂತನ್ನೂ ಅಷ್ಟು ಜನ ಕೇಳಿರಲಿಲ್ಲ. ಅವಳಿಗೆ ಹಿಗ್ಗೂ ಆಗಲಿಲ್ಲ, ಅಳುಕೂ ಆಗಲಿಲ್ಲ. ಎಂದಿನಂತೆ ಆ ದಿನದ ವರದಿಗಳನ್ನು ಬಡಿದಳು.

ಮುಂದಿನ ಮಂಗಳವಾರ ಅರ್ಧ ದಿನ ರಜೆ ಹಾಕಿ, ಮದ್ದೂರಿಗೆ ಹೋಗಿ ನೋಡೋಣವೆಂದು ಬಸ್ ಸ್ಟ್ಯಾಂಡಿಗೆ ಬಂದರೆ, ಮದ್ದೂರಿನ ಬಸ್ಸಿನ ಕಿಟಕಿಯಲ್ಲಿ ಸೋಮಮ್ಮ.

"ವಾರಕ್ಕೊಂದ್ ದಿನ ಓಯ್ತೀನಿ," ಎಂದಳು ಸೋಮಮ್ಮ. "ಬೀಗ ಆಕಿರೋ ಬಾಗ್ಲು ಕಂಡ್ರೆ ಈ ಬೀಗದ್ ಕೈ ಆಕ್ ನೋಡ್ತೀನಿ. ಜನ ಬೈತರೆ."

"ಸಿಕ್ಕಿದ್ರೆ?"

"ಒಳಕ್ ಓಗಿ ವಸಿ ಕುಂತ್ಕತೀನಿ. ಅವ್ನ್ ಎಲ್ ಕುಂತ್ಕತಿದ್ನೋ ಅಲ್ಲಿ."

ನಿಮ್ಮ ವಿಷಯ ನಾನು ಬರೆದುಬಿಟ್ಟೆ ಎಂದು ನಾಗಶ್ರೀ ಹೇಳಬೇಕಿತ್ತು. ಎಂಟನೇ ಕಂತು ಅಂದೇ ಕೊಡಬೇಕಿತ್ತು. ಕಂಡಕ್ಟರ್ ಸೀಟಿ ಊದಿದ. ಅವಳು ಹತ್ತಿದಳು. ಸೋಮಮ್ಮ ಕಿಟಕಿಯ ಕಡೆಗೆ ಸರಿದು ಜಾಗ ಕೊಟ್ಟಳು.

ಊರು ದಾಟಿದ ಮೇಲೆ ಬಸ್ಸು ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ಸಿಕ್ಕಿಕೊಂಡಿತು. ಕಬ್ಬಿನ ಉದ್ದನೆಯ ಸೋಗೆ ಟಾರು ರಸ್ತೆಯನ್ನು ಗುಡಿಸುತ್ತಾ ಮುಂದೆ ಮುಂದೆ ಹೋಗುತ್ತಿತ್ತು.