ಜಿಂಜಾದಿಂದ ಬಂದ ಮೇಲೆ

ಬರ್ಮಿಂಗ್‌ಹ್ಯಾಮ್‌ನಲ್ಲಿರುವ ನಮ್ಮ ಜನರಿಗೆ ಜ್ವರ ಬಂದರೆ ಜಿಪಿ ಸರ್ಜರಿಗೆ, ಅಂದರೆ ಬಡಾವಣೆಯ ಡಾಕ್ಟರ ಕ್ಲಿನಿಕ್ಕಿಗೆ, ಫೋನ್ ಮಾಡುವವರು ಕಡಿಮೆ. ಭಾನುವಾರ ಟಿವಿಡೇಲ್ ಬಾಲಾಜಿ ದೇವಸ್ಥಾನಕ್ಕೆ ಹೋದರೆ ಪ್ರಸಾದದ ಸಾಲಿನಲ್ಲೇ ಡಾಕ್ಟರುಗಳು ಸಿಗುತ್ತಾರೆ. ತಟ್ಟೆ ಕೈಯಲ್ಲಿ ಹಿಡಿದೇ ಕಾಯಿಲೆ ಹೇಳಿ ಮುಗಿಸುತ್ತೇವೆ. ನನ್ನ ಮಾವ ಕರಬಸಪ್ಪನವರೂ ಹಾಗೇ ಮಾಡಿದರು.

ಮಾವ ಹರೆಯದಲ್ಲಿ ಆಫ್ರಿಕಾದ ಉಗಾಂಡಾ ದೇಶದಲ್ಲಿದ್ದರು. ಜಿಂಜಾ ಊರಿನ ಹತ್ತಿರ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಮೆಕ್ಯಾನಿಕ್ ಕೆಲಸ. ೧೯೭೨ರಲ್ಲಿ ಅಲ್ಲಿನ ಸರ್ವಾಧಿಕಾರಿ, ಏಷ್ಯಾದವರೆಲ್ಲ ತೊಂಬತ್ತು ದಿನದೊಳಗೆ ದೇಶ ಬಿಡಬೇಕು ಎಂದ. ಮಾವ ಮತ್ತು ಅತ್ತೆ ತಮ್ಮ ಮನೆಯ ಬೀಗದ ಕೈಯನ್ನು ಜೊತೆಗಾರ ಮುಕಾಸಾನಿಗೆ ಕೊಟ್ಟು ಬರ್ಮಿಂಗ್‌ಹ್ಯಾಮ್‌ಗೆ ಬಂದರು. ಮುಂದೆ ಕಾಲ ಬದಲಾಗಿ ಅಲ್ಲಿನ ಸರ್ಕಾರವೇ ಹೋದವರನ್ನು ವಾಪಸ್ ಕರೆಯಿತು. ಆದರೂ ಮಾವನಿಗೆ ಹೋಗಲು ಮನಸ್ಸು ಗಟ್ಟಿಯಾದದ್ದು ೨೦೦೭ರಲ್ಲಿ.

ಹೊರಡುವ ಮೊದಲು ನಮ್ಮ ಜಿಪಿ ಡಾಕ್ಟರ್ ಶೋಭಾ ಅವರ ಹತ್ತಿರ ಹೋದೆವು. ಅವರು ಮೈಸೂರಿನವರು.

"ಅಂಕಲ್, ಈ ಮಲೇರಿಯಾ ಮಾತ್ರೆ ಅಲ್ಲಿರೋವಾಗ ದಿನಾ ತಗೋಬೇಕು. ವಾಪಸ್ ಬಂದ ಮೇಲೂ ನಾಲ್ಕು ವಾರ ಬಿಡಬಾರದು."

"ನನಗ್ಯಾಕ ಗುಳಗಿ? ವಿಕ್ಟೋರಿಯಾ ಸರೋವರದ ನೀರು ಕುಡದು ಬೆಳದಾಂವ ನಾ. ಆ ಸೊಳ್ಳಿಗೆ ನನ್ನ ಗುರುತು ಐತಿ."

"ನಿಮ್ಮ ಗುರುತಿದ್ದ ಸೊಳ್ಳೆ ಯಾವತ್ತೋ ಸತ್ತಿದೆ ಅಂಕಲ್. ಅಲ್ಲೇ ಇದ್ದು ಮತ್ತೆ ಮತ್ತೆ ಜ್ವರ ಬಂದವರಿಗೆ ಒಂಚೂರು ತಡೆಯೋ ಶಕ್ತಿ ಇರುತ್ತೆ. ಊರು ಬಿಟ್ಟರೆ ಆ ಶಕ್ತಿನೂ ಹೋಗುತ್ತೆ. ನೀವೀಗ ಬರ್ಮಿಂಗ್‌ಹ್ಯಾಮ್‌ನವರು."

ಅತ್ತೆ ಚನ್ನಮ್ಮ ಕೈ ಚಾಚಿದರು. "ಆ ಡಬ್ಬಿ ನನ್ನ ಕೈಯಾಗ ಕೊಡ್ರಿ ಡಾಕ್ಟರ್. ಇವರದು ಬರೇ ಹಟ."

ಇಬ್ಬರೂ ನವೆಂಬರಿನಲ್ಲಿ ಹೋಗಿ ಬಂದರು. ಬಂದ ಮೇಲೆ ಮಾವನ ಬಾಯಲ್ಲಿ ಅದೇ ಮಾತು. ನೈಲ್ ನದಿ ಜಿಂಜಾದಲ್ಲೇ ಸರೋವರದಿಂದ ಹೊರಡುತ್ತದೆ, ಆದರೆ ಸರೋವರದ ನೀರು ಇಳಿದು ದಡ ಬೋಳಾಗಿದೆ. ದಾರಿಯಲ್ಲಿ ಮಬೀರಾ ಕಾಡು ಸಿಗುತ್ತದೆ. ಅದರಲ್ಲೊಂದು ಭಾಗ ಕಡಿದು ಕಬ್ಬು ಹಾಕುವ ಮಾತೆದ್ದಾಗ ಜನ ಬೀದಿಗಿಳಿದರಂತೆ.

"ಕಬ್ಬಿನ ಅನ್ನ ತಿಂದಾಂವ ನಾ. ಆದರೂ ಆ ಗಿಡಾ ಕಡೀಬಾರದವ್ವಾ ತಂಗಿ," ಎಂದರು ನನಗೆ. ಆಮೇಲೆ ನಕ್ಕರು. "ನಮ್ಮ ಮುಕಾಸಾ ಮಾತ್ರ ಮದುಮಗಳಾಗ್ಯಾನ! ದಿನಾ ಸೊಳ್ಳಿಪರದೆ ಒಳಗ ಮಲಗತಾನ. ಅಲ್ಲೇ ಹುಟ್ಟಿದಾಂವ, ಸೊಳ್ಳಿಗೆ ಹೆದರತಾನ!"

ಅತ್ತೆ ನಗಲಿಲ್ಲ. "ಅವರ ಸಣ್ಣ ಮಗ ಇದೇ ಜ್ವರದಾಗ ಹೋದನಂತ. ಅವರ ಹೇಣತಿ ನನ್ನ ಮುಂದ ಹೇಳಿ ಅತ್ತರು."

ಆದರೂ ಮಾವ ಮತ್ತೆ ಗುಳಿಗೆ ಶುರುಮಾಡಲಿಲ್ಲ. ಈ ಊರಿನ ಚಳಿಯಲ್ಲಿ ಸೊಳ್ಳೆ ಎಲ್ಲಿಂದ ಬರಬೇಕು ಎಂದು ವಾಪಸ್ ಬಂದ ದಿನವೇ ನಿಲ್ಲಿಸಿಬಿಟ್ಟಿದ್ದರು. ಡಬ್ಬಿ ಅಡುಗೆಮನೆಯಲ್ಲಿ ಜೋಳದ ಹಿಟ್ಟಿನ ಹಿಂದೆ ಸೇರಿತ್ತು.

ಡಿಸೆಂಬರಿನ ಒಂದು ಭಾನುವಾರ ದೇವಸ್ಥಾನದಲ್ಲಿ ಮಾವನ ಕಣ್ಣು ಕೆಂಪಗಿತ್ತು, ಮೈ ಸುಡುತ್ತಿತ್ತು. ಸಾಲಿನಲ್ಲಿ ಮುಂದೆ ಡಾಕ್ಟರ್ ವಿಶ್ವೇಶ್ವರ ಇದ್ದರು. ಅವರು ಮೂಳೆ ಡಾಕ್ಟರು, ಮಾವನ ಸ್ನೇಹಿತರು.

"ಏನ್ರೀ ಕರಬಸಪ್ಪನೋರೇ, ಮುಖ ಬಾಡಿದೆ?"

"ಒಂಚೂರು ಜ್ವರ, ಮೈಕೈ ನೋವು."

"ಎಲ್ಲರಿಗೂ ಫ್ಲೂ ಈಗ. ಪ್ಯಾರಾಸಿಟಮಾಲ್ ತಗೊಂಡು ಮಲಕ್ಕೊಳ್ಳಿ."

ಅಷ್ಟೇ ಮಾತು. ಪುಳಿಯೋಗರೆ ಬಂತು, ಸಾಲು ಮುಂದೆ ಹೋಯಿತು. ಉಗಾಂಡಾದ ಸುದ್ದಿ ಯಾರೂ ಎತ್ತಲಿಲ್ಲ.

ಮರುದಿನ ಬೆಳಿಗ್ಗೆ ಜ್ವರ ಬಿಟ್ಟಿತು. "ನೋಡ, ಹೋತು," ಎಂದು ಮಾವ ಚಹಾ ಕುಡಿದರು. ಮಧ್ಯಾಹ್ನ ಮತ್ತೆ ನಡುಕ ಬಂತು. ಎರಡು ಡುವೆ ಹೊದಿಸಿದರೂ ಮಂಚ ಅಲುಗುತ್ತಿತ್ತು. ಆಮೇಲೆ ಮೈ ಕಾದ ಹಂಚಿನಂತಾಯಿತು. ನನ್ನನ್ನು ನೋಡಿ ಸ್ವಾಹಿಲಿಯಲ್ಲಿ ಏನೋ ಹೇಳಿ, ಮುಕಾಸಾ ಎಂದು ಕರೆದರು.

"ಅತ್ತಿ, ಇದು ಆ ಜ್ವರ ಇರಬಹುದು. ಡಾಕ್ಟರ್ ಶೋಭಾಗ ಫೋನ್ ಮಾಡೂಣು."

"ವಿಶ್ವೇಶ್ವರ ಅವರು ಫ್ಲೂ ಅಂದಾರಲ್ಲ ತಂಗಿ. ನಾಳಿ ನೋಡೂಣು."

ನನ್ನ ಗಂಡ ಕೆಲಸದ ಮೇಲೆ ಲೀಡ್ಸ್‌ಗೆ ಹೋಗಿದ್ದರು. ನಾನು ಶಾಲೆ ಬೇಗ ಬಿಟ್ಟವಳು. ಫೋನಿನಲ್ಲಿ ಇಂಗ್ಲಿಷ್ ಮಾತಾಡಲು ನನಗೆ ನಾಲಿಗೆ ಏಳುವುದಿಲ್ಲ. ಆದರೂ ಸರ್ಜರಿಗೆ ಫೋನ್ ಮಾಡಿದೆ. ನನ್ನ ಬಾಯಿಂದ ಬಂದದ್ದು ಇಷ್ಟೇ: "ಫಾದರ್ ಇನ್ ಲಾ. ಫೀವರ್. ಉಗಾಂಡಾ."

ಕೊನೆಯ ಮಾತು ಕೇಳಿ ರಿಸೆಪ್ಶನ್ ಹುಡುಗಿ "ವನ್ ಮೊಮೆಂಟ್" ಎಂದಳು. ಆ ಕಡೆ ಶೋಭಾ ಅವರ ಧ್ವನಿ ಬಂತು.

"ಮಾತ್ರೆ ಮುಗಿಸಿದ್ದಾರಾಮ್ಮ?"

"ಇಲ್ಲ ಮೇಡಂ. ಬಂದ ದಿನಾನೇ ಬಿಟ್ಟಾರ."

"ನೋಡು, ಈಗಲೇ ಆಂಬ್ಯುಲೆನ್ಸ್ ಕರಿ. ನಾಳೆ ಅನ್ಬೇಡ. ಆಸ್ಪತ್ರೆಯಲ್ಲಿ ಮೊದಲನೇ ಮಾತೇ ಉಗಾಂಡಾ ಅನ್ನಬೇಕು. ರಕ್ತ ಪರೀಕ್ಷೆ ಮಾಡಿಸಬೇಕು."

ಆಸ್ಪತ್ರೆಯ ಪರೀಕ್ಷೆಯಲ್ಲಿ ಮಲೇರಿಯಾ ಸಿಕ್ಕಿತು, ಅದೂ ಪ್ರಾಣ ತೆಗೆಯುವ ಜಾತಿಯದು. ಇನ್ನೊಂದು ದಿನ ಬಿಟ್ಟಿದ್ದರೆ ಮಿದುಳಿಗೆ, ಮೂತ್ರಪಿಂಡಕ್ಕೆ ಏರುತ್ತಿತ್ತು ಎಂದು ಅಲ್ಲಿನ ಡಾಕ್ಟರು ಹೇಳಿದರು. ಅತ್ತೆ ನನ್ನ ಕೈ ಬಿಡಲೇ ಇಲ್ಲ.

ಮಾವ ಎದ್ದು ಕೂತ ದಿನ ಡಾಕ್ಟರ್ ವಿಶ್ವೇಶ್ವರ ದ್ರಾಕ್ಷಿ ತಂದರು. ಅವರ ಮುಖ ಸಣ್ಣಗಾಗಿತ್ತು. "ಎಲ್ಲಿಗಾದರೂ ಹೋಗಿದ್ರಾ ಅಂತ ನಾನು ಕೇಳಬೇಕಿತ್ತು."

"ನಾ ಹೇಳಬೇಕಿತ್ತ ಬಿಡ್ರಿ. ಪುಳಿಯೋಗರೆ ಮುಂದ ಮಾತೆಲ್ಲಿ ನೆನಪಾಗತಾವು?" ಎಂದು ಮಾವ ನಕ್ಕರು.

ಮನೆಗೆ ಬಂದ ಮೇಲೆ ಮುಕಾಸಾ ಅವರಿಗೆ ಫೋನ್ ಮಾಡಿದರು. ಸ್ವಾಹಿಲಿ ನನಗೆ ತಿಳಿಯದು. ಮಾತು ಮುಗಿಸಿ ಮಾವ ನನಗೆ ಹೇಳಿದರು: "ಮುಂದಿನ ವರ್ಷ ಅವನ ಮೊಮ್ಮಗಳ ಮದುವಿ. ಹೋಗಾಕಬೇಕು. ನಂದೂ ಒಂದು ಪರದೆ ಕಟ್ಟಿಡು ಅಂತ ಹೇಳೀನಿ." ಮತ್ತೆ ಅತ್ತೆಯ ಕಡೆ ತಿರುಗಿದರು. "ಆ ಡಬ್ಬಿ ಈ ಸಲ ನನ್ನ ಕೈಯಾಗ ಇರಲಿ."

ಅಕ್ಕಂದಿರೇ, ಅಣ್ಣಂದಿರೇ, ಉಗಾಂಡಾಕ್ಕೆ ಹೋಗಿ, ಕೀನ್ಯಾಕ್ಕೆ ಹೋಗಿ, ನಮ್ಮ ಊರಿಗೇ ಹೋಗಿ. ಹೊರಡುವ ಮೊದಲು ಸರ್ಜರಿಯಲ್ಲಿ ಕೇಳಿ. ಹುಟ್ಟಿದ ಊರು, ಬೆಳೆದ ಊರು ಎಂದು ಸೊಳ್ಳೆ ಯಾರನ್ನೂ ಬಿಡುವುದಿಲ್ಲ. ಪರದೆಯೊಳಗೆ ಮಲಗಿ. ಕೊಟ್ಟ ಮಾತ್ರೆಯನ್ನು ಬಂದ ಮೇಲೂ ಕೊನೆಯವರೆಗೆ ನುಂಗಿ. ಬಂದು ಒಂದು ವರ್ಷದೊಳಗೆ ಯಾವಾಗ ಜ್ವರ ಬಂದರೂ, ಮಾತ್ರೆ ತೆಗೆದುಕೊಂಡಿದ್ದರೂ, ಅವತ್ತೇ ರಕ್ತ ಪರೀಕ್ಷೆ ಮಾಡಿಸಿ. ದೇವಸ್ಥಾನದ ಸಾಲಿನಲ್ಲಿ ಡಾಕ್ಟರು ಸಿಕ್ಕರೆ ನಮಸ್ಕಾರ ಹೇಳಿ, ಔಷಧಿ ಕೇಳಬೇಡಿ. ಇಂಗ್ಲಿಷ್ ಬಾರದಿದ್ದರೂ ಹಿಂಜರಿಯಬೇಡಿ. ಹೋಗಿಬಂದ ದೇಶದ ಹೆಸರು ಹೇಳಿ. ಅದೊಂದು ಮಾತು ಸಾಕು, ನಮ್ಮ ಮನೆಯಲ್ಲಿ ಸಾಕಾಯಿತು.